ಕೃತಜ್ಞತೆ ತೀರಿದ ಮೇಲೆ

ಬಾಗಿಲು ತಳ್ಳಿಕೊಂಡು ಒಳಗೆ ಬಂದ ಎತ್ತರದ ಮನುಷ್ಯನನ್ನು ಕಂಡು ಅವಳಿಗೆ ಹೋದ ಜೀವ ಬಂದಂತಾಯಿತು.

"ಅಬ್ಬ, ಬಂದ್ರಲ್ಲ! ಮೊದಲು ಆ ಎಸಿ ನೋಡಿ. ನೇರ ನನ್ನ ತಲೆ ಮೇಲೇ ಬೀಸ್ತಾ ಇದೆ. ಎಷ್ಟು ಹೊತ್ತಿಂದ ಹೇಳ್ತಾ ಇದ್ದೀನಿ, ಯಾರೂ ಕಿವಿಗೇ ಹಾಕ್ಕೊಳ್ತಿಲ್ಲ. ರಿಪೇರಿಗೆ ಬಂದೋರು ತಾನೇ ನೀವು?"

ಅವನು ಎಸಿಯನ್ನು ಒಮ್ಮೆ ನೋಡಿದ. ಅವಳನ್ನು ಒಮ್ಮೆ ನೋಡಿದ.

"ರಿಪೇರಿಗೇ ಬಂದಿದ್ದೀನಿ. ಆದರೆ ಎಸಿದಲ್ಲ, ನಿಮ್ಮದು."

ಆಗ ಅವಳಿಗೆ ಕಂಡದ್ದು ಅವನ ಕೈಯಲ್ಲಿದ್ದ ಟ್ರೇ. ಟ್ರೇಯಲ್ಲಿ ದಬ್ಬಣದಂಥ ಎರಡು ಸೂಜಿಗಳು.

ಪಕ್ಕದ ಕುರ್ಚಿಯಲ್ಲಿ ಒರಗಿದ್ದ ಮುದುಕರು ಗಟ್ಟಿಯಾಗಿ ನಕ್ಕರು. ಅವರ ಒಂದು ಕೈಯನ್ನು ಡಯಾಲಿಸಿಸ್ ಮೆಷಿನ್ನಿಗೆ ಜೋಡಿಸಿದ್ದರು, ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದುಕೊಂಡರು. ಅವರನ್ನು ಅಲ್ಲಿ ಎಲ್ಲರೂ ಟೈಲರ್ ಅಂಕಲ್ ಎನ್ನುತ್ತಿದ್ದರು. "ಅವರು ಇಲ್ಲಿನ ನರ್ಸು ಕಣಮ್ಮಾ. ನಾವೆಲ್ಲ ಬ್ರದರ್ ಅಂತೀವಿ. ನೀನೂ ಹಾಗೇ ಕರಿ."

ಅವಳು ಮತ್ತೆ ಅವನ ಮುಖ ನೋಡಿದಳು. ಅವನ ನಗು ತುಟಿಗೆ ಬರುವ ಮೊದಲು ಕಣ್ಣಿಗೆ ಬರುತ್ತಿತ್ತು. ತುಟಿಯವರೆಗೆ ಬರುವಷ್ಟರಲ್ಲಿ ಅವನು ಅದನ್ನು ತಡೆದುಬಿಡುತ್ತಿದ್ದ. ಅಂಥ ಕಣ್ಣಿನವನನ್ನು ಬ್ರದರ್ ಎನ್ನಲು ಅವಳ ನಾಲಿಗೆ ಯಾಕೋ ಹೊರಳಲಿಲ್ಲ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಒಂದು ಕಡೆ ಕೂತು ಗೊತ್ತಿಲ್ಲದ ಜೀವ. ಕೂತರೂ ಕೆಳಗೆ ಚಕ್ರ ಉರುಳುತ್ತಿರಬೇಕು. ಮೊದಲು ಪಾದ ಊದಿಕೊಂಡಿತು. ಚಪ್ಪಲಿ ಬಿಗಿಯಾಯಿತೆಂದು ದೊಡ್ಡ ಚಪ್ಪಲಿ ಕೊಂಡಳು. ಆಮೇಲೆ ಮುಖ ಊದಿಕೊಂಡಿತು, ಅದಕ್ಕೆ ಕೊಳ್ಳಲು ಏನೂ ಇರಲಿಲ್ಲ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ ಎಂದರು ಡಾಕ್ಟರು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಕುರ್ಚಿಯಲ್ಲಿ ಒರಗಿಕೊಂಡು ಮೈಯ ರಕ್ತವನ್ನೆಲ್ಲ ಮೆಷಿನ್ನಿನಲ್ಲಿ ತೊಳೆಸಿಕೊಳ್ಳಬೇಕು.

"ಎಷ್ಟು ದಿನ?" ಎಂದು ಕೇಳಿದ್ದಳು.

"ಇನ್ನು ಮೇಲೆ ಹೀಗೇ" ಎಂದಿದ್ದರು.

ಅಪ್ಪ ಇರಲಿಲ್ಲ. ಅಮ್ಮ ತನ್ನ ಕಿಡ್ನಿ ತೆಗೆದುಕೊಳ್ಳಿ ಎಂದು ದುಂಬಾಲು ಬಿದ್ದರೂ ಸಕ್ಕರೆ ಕಾಯಿಲೆಯವರದ್ದು ಆಗುವುದಿಲ್ಲವೆಂದು ವಾಪಸು ಕಳಿಸಿದರು. ಯಾರದಾದರೂ ಕಿಡ್ನಿ ಸಿಗುವ ಸರದಿಯಲ್ಲಿ ಅವಳ ಹೆಸರನ್ನೂ ಸೇರಿಸಿದರು. ಆ ಸರದಿ ಯಾವಾಗ ಬಂದೀತು ಎಂಬುದನ್ನು ಯಾರೂ ಹೇಳಲಿಲ್ಲ.

ಅವನು ಸ್ಟೂಲ್ ಎಳೆದುಕೊಂಡು ಕೂತ.

"ನಾನು ಎದ್ದು ಹೋಗ್ಲಾ?" ಎಂದಳು.

"ಹೋಗಿ."

ಅವಳು ಬೆಪ್ಪಾಗಿ ನೋಡಿದಳು.

"ನಿಜವಾಗ್ಲೂ. ಮೊದಲ ದಿನ ಎಲ್ಲರಿಗೂ ಹಾಗೇ ಅನ್ಸುತ್ತೆ. ಹೊರಗೆ ಒಂದು ಸುತ್ತು ಹಾಕಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ."

ಅವಳು ನಿಜಕ್ಕೂ ಎದ್ದು ಹೋದಳು. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ದಾಪುಗಾಲು ಹಾಕಿದಳು. ಬೆಂಚಿನ ಮೇಲೆ ಕೂತಿದ್ದ ಅಮ್ಮ "ಏನಾಯ್ತೇ?" ಎಂದು ಗಾಬರಿಯಿಂದ ಎದ್ದು ನಿಂತರು. "ಏನಿಲ್ಲಮ್ಮ, ನೀನು ಕೂತ್ಕೋ" ಎಂದು ಒಳಗೆ ಬಂದರೆ ಅವನು ಅದೇ ಸ್ಟೂಲಿನ ಮೇಲೆ, ಅದೇ ಟ್ರೇ ಹಿಡಿದು ಕೂತಿದ್ದ. ಗಡಿಯಾರ ಕೂಡ ನೋಡುತ್ತಿರಲಿಲ್ಲ.

"ಬಂದ್ರಾ? ಏನು ಕೆಲಸ ಮಾಡ್ತೀರಿ ನೀವು?"

"ಕಾರು ಕಲಿಸ್ತೀನಿ."

"ಹಾಗಾದ್ರೆ ಒಂದು ಹೇಳಿ. ಈ ಕ್ಲಚ್ಚು ಅನ್ನೋದು ಯಾಕೆ ಬೇಕು? ಬ್ರೇಕು ಗೊತ್ತಾಗುತ್ತೆ, ಆಕ್ಸಿಲರೇಟರ್ ಗೊತ್ತಾಗುತ್ತೆ. ನಡುವೆ ಇದೊಂದು ಯಾಕೆ?"

ಇಷ್ಟು ದಡ್ಡ ಪ್ರಶ್ನೆಗೆ ಅವಳು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಎಂಜಿನ್ ತಿರುಗುತ್ತಲೇ ಇರುತ್ತದೆ, ಚಕ್ರ ನಿಲ್ಲಬೇಕಾಗುತ್ತದೆ, ಎರಡಕ್ಕೂ ಇರುವ ನಂಟನ್ನು ಸ್ವಲ್ಪ ಹೊತ್ತು ಬಿಡಿಸಲು ಒಂದು ಪೆಡಲ್ ಬೇಕಲ್ಲ ಎಂದು ವಿವರಿಸತೊಡಗಿದಳು. ಹೇಳಿ ಮುಗಿಸುವಷ್ಟರಲ್ಲಿ ಎರಡೂ ಸೂಜಿ ಅವಳ ಎಡಗೈಯೊಳಗಿದ್ದವು. ಕೆಂಪು ನಳಿಕೆಗಳು ತುಂಬಿಕೊಂಡು ಮೆಷಿನ್ನು ತಿರುಗುತ್ತಿತ್ತು.

"ಚುಚ್ಚಿಬಿಟ್ರಾ?"

"ಕ್ಲಚ್ಚು ಅರ್ಥ ಆಯ್ತು" ಎಂದು ಅವನು ಎದ್ದು ಹೋದ.

ಕುರ್ಚಿಯ ಬದುಕು ಹಾಗೆ ಶುರುವಾಯಿತು.

ಸೂಜಿಗಿಂತ ಅವಳನ್ನು ಗೋಳುಹೊಯ್ದುಕೊಂಡದ್ದು ಕಾಲು. ಕೂತು ಸ್ವಲ್ಪ ಹೊತ್ತಾದರೆ ಮೀನಖಂಡದೊಳಗೆ ಇರುವೆ ಸಾಲು ಹರಿದಂತೆ ಆಗುತ್ತಿತ್ತು. ನೋವಲ್ಲ, ತುರಿಕೆಯಲ್ಲ, ಎದ್ದು ಓಡು ಎಂದು ಕಾಲೇ ಹಟ ಹಿಡಿದಂತೆ. ಈ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ಅವಳು ಕಾಲು ಮಡಿಸುವಳು, ಚಾಚುವಳು, ಹೊದಿಕೆ ಒದೆಯುವಳು. ಅವನು ಹಾದುಹೋಗುವಾಗ ಏನೂ ಹೇಳದೆ ಹಿಮ್ಮಡಿಯ ಕೆಳಗೆ ದಿಂಬು ಇಟ್ಟು, ಮೀನಖಂಡವನ್ನು ಗಟ್ಟಿಯಾಗಿ ಒತ್ತುತ್ತಿದ್ದ. ಇರುವೆಗಳು ಓಡಿಹೋಗುತ್ತಿದ್ದವು. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾದ ದಿನ, ಅವಳು ಕೇಳದಿದ್ದರೂ ಅವಳನ್ನು ಅಲ್ಲಿಗೆ ಬದಲಿಸಿದ. ಅಲ್ಲಿಂದ ರಸ್ತೆ ಕಾಣುತ್ತಿತ್ತು.

"ಆ ಬಿಳಿ ಕಾರಿನವನು ನೋಡಿ, ಇಂಡಿಕೇಟರ್ ಹಾಕದೆ ತಿರುಗಿಸಿದ!" ಎಂದು ಅವಳು ಕೂಗುವಳು.

"ಬೈಯಿರಿ, ಬೈಯಿರಿ. ಬಿಪಿ ಚೆನ್ನಾಗಿದೆ ಇವತ್ತು" ಎನ್ನುವನು ಅವನು.

ಸೂಜಿ ಹಾಕುವ ಮೊದಲು ಅವನು ಅವಳ ಮುಂಗೈಯ ಉಬ್ಬಿದ ರಕ್ತನಾಳದ ಮೇಲೆ ಎರಡು ಬೆರಳು ಇಡುತ್ತಿದ್ದ. ಆಪರೇಷನ್ ಮಾಡಿ ದಪ್ಪವಾಗಿಸಿದ ನಾಳ ಅದು. ಒಳಗೆ ರಕ್ತ ಗುಂಯ್‌ಗುಟ್ಟುತ್ತ ಹರಿಯುವುದು ಮುಟ್ಟಿದರೆ ತಿಳಿಯುತ್ತದೆ. ಅದನ್ನು ಅಳೆಯುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಒಂದು ಗಳಿಗೆ ಅವಳು ಅವನನ್ನು ನಿರ್ಭಯವಾಗಿ ನೋಡುತ್ತಿದ್ದಳು. ಗಡ್ಡದ ಬಳಿ ಒಂದು ಸಣ್ಣ ಗಾಯದ ಗುರುತು. ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲೆ. ಕಣ್ಣು ತೆರೆದರೆ ಅವಳು ಕಿಟಕಿಯ ಕಡೆ ತಿರುಗಿರುತ್ತಿದ್ದಳು.

ಆದರೆ ಅವನು ಟೈಲರ್ ಅಂಕಲ್ ಕೈಯ ಮೇಲೂ ಹಾಗೇ ಬೆರಳಿಡುತ್ತಿದ್ದ. ಅಲ್ಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವರ ಹೊದಿಕೆಯನ್ನೂ ಅಷ್ಟೇ ಜೋಪಾನವಾಗಿ ಭುಜದವರೆಗೆ ಎಳೆಯುತ್ತಿದ್ದ. ಅದನ್ನು ನೋಡಿ ಅವಳ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು. ಕಿಡ್ನಿ ಕೆಟ್ಟ ಮುದುಕರ ಮೇಲೆ ಹೊಟ್ಟೆಕಿಚ್ಚುಪಡುವ ಮಟ್ಟಕ್ಕೆ ತಾನು ಬಂದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೆಲಸ ಬಿಡು ಎಂದು ಅಮ್ಮ ಹೇಳಿದರು. ಬಿಡಿ ಎಂದು ಸ್ಕೂಲಿನ ಓನರ್ ಹೇಳಿದರು. ಡಾಕ್ಟರೂ ತಲೆಯಾಡಿಸಿದರು. ಅವನೊಬ್ಬನೇ ಕೇಳಿದ್ದು, "ಕೆಲಸ ಬಿಟ್ಟು ಏನು ಮಾಡ್ತೀರಿ?"

"ಕಾಯಿಲೆ ಮಾಡ್ತೀನಿ. ಇನ್ನು ಅದೇ ನನ್ನ ಕೆಲಸ."

ಅವನು ನಗಲಿಲ್ಲ. "ನೋಡಿ, ನಾನು ಸುಳ್ಳು ಹೇಳಲ್ಲ. ಈ ಕಾಯಿಲೆ ಹೋಗೋದಲ್ಲ. ಆದರೆ ಇಲ್ಲಿಗೆ ಬರದೇ ಇರೋ ದಿನಗಳು ನಿಮ್ಮವು. ಅವನ್ನೂ ಯಾಕೆ ಇದಕ್ಕೇ ಕೊಡ್ತೀರಿ?"

ಡಾಕ್ಟರ ಹತ್ತಿರ ಅವನೇ ಹೋಗಿ ಮಾತಾಡಿದ. ಕಲಿಸುವವರು ಕೂರುವುದು ಪಕ್ಕದ ಸೀಟಿನಲ್ಲಿ, ಸ್ಟೇರಿಂಗ್ ಹಿಡಿಯುವುದು ಕಲಿಯುವವರು, ಎಡಗೈಗೆ ಭಾರ ಬೀಳುವುದಿಲ್ಲ ಎಂದೆಲ್ಲ ಹೇಳಿದನಂತೆ. ಕೊನೆಗೆ ಡಾಕ್ಟರು ಒಪ್ಪಿದರು, ಓನರೂ ಒಪ್ಪಿದರು. ಕಾಯಿಲೆ ಬಂದ ಮೇಲೆ ಮೊದಲ ಸಲ ಕಾರಿನಲ್ಲಿ ಕೂತು, ನಡುಗುವ ಕಾಲೇಜು ಹುಡುಗಿಯೊಬ್ಬಳಿಗೆ "ಗಾಬರಿಯಾಗಬೇಡ, ನಾನಿದ್ದೀನಿ" ಎಂದಳು. ಆ ಮಾತನ್ನು ಇನ್ನೊಬ್ಬರಿಗೆ ಹೇಳುವ ಶಕ್ತಿ ತನಗಿನ್ನೂ ಇದೆಯಲ್ಲ!

ಅವನಿಗೆಂದು ಒಂದು ಒಳ್ಳೆಯ ಛತ್ರಿ ಕೊಂಡಳು. ಬಿಸಿಲಿನಲ್ಲಿ ಬಸ್‌ಸ್ಟಾಪಿನವರೆಗೆ ಅವನು ತಲೆ ಮೇಲೆ ಕೈ ಇಟ್ಟುಕೊಂಡು ನಡೆಯುವುದನ್ನು ಕಿಟಕಿಯಿಂದ ನೋಡಿದ್ದಳು.

"ಬೇಡ. ರೋಗಿಗಳ ಹತ್ತಿರ ನಾವು ಏನೂ ತಗೊಳ್ಳೋ ಹಾಗಿಲ್ಲ" ಎಂದ ಅವನು ಮೆಲ್ಲಗೆ.

ರೋಗಿಗಳು. ಬಹುವಚನ ಬೇರೆ. ಅವಳು ಛತ್ರಿಯನ್ನು ಸೀದಾ ಟೈಲರ್ ಅಂಕಲ್ ಮಡಿಲಿಗೆ ಹಾಕಿದಳು.

"ನನಗ್ಯಾಕಮ್ಮ? ನಾನು ಮನೆಯಿಂದ ಹೊರಗೆ ಬೀಳೋದೇ ಇಲ್ಲಿಗೆ ಬರೋಕೆ" ಎಂದರು ಅವರು, ಅವಳ ಮುಖವನ್ನೂ ಅವನ ಬೆನ್ನನ್ನೂ ಒಂದೊಂದು ಸಲ ನೋಡಿ. ಅವರಿಗೆ ಗೊತ್ತಾಗಿತ್ತು.

ಒಂದು ಮಧ್ಯಾಹ್ನ ಕಿಟಕಿಯಾಚೆಯ ರಸ್ತೆ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಕಾರುಗಳು ಅಳಿಸಿಹೋದವು. ಕಿವಿಯೊಳಗೆ ನೀರು ತುಂಬಿದಂತಾಯಿತು. ಬಿಪಿ ಕುಸಿಯುತ್ತಿದೆ ಎಂದು ಯಾರೋ ದೂರದಲ್ಲಿ ಕೂಗಿದರು. ಅದನ್ನೂ ದಾಟಿ ಒಂದು ದನಿ, ಕಿವಿಯ ಹತ್ತಿರವೇ, ಒಡೆದ ದನಿ.

"ಏಯ್, ಕಣ್ಣು ಬಿಡು. ಇಲ್ನೋಡು. ನನ್ನ ನೋಡು. ಎಲ್ಲಿಗೂ ಹೋಗಬೇಡ ನೀನು. ಕೇಳಿಸ್ತಾ? ಎಲ್ಲಿಗೂ ಹೋಗಬೇಡ."

ಕಣ್ಣು ತೆರೆದಾಗ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿದ್ದರು, ಕಾಲು ಮೇಲಿತ್ತು. ಅವಳ ಬಲಗೈ ಅವನ ಎರಡೂ ಕೈಗಳೊಳಗಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ನೋಡುತ್ತಿರುವುದು ತಿಳಿದ ಕೂಡಲೇ ಕೈ ಬಿಟ್ಟು, ಗಂಟಲು ಸರಿಪಡಿಸಿಕೊಂಡು, "ಈಗ ಹೇಗಿದೆ ನಿಮಗೆ?" ಎಂದ.

ಮತ್ತೆ 'ನೀವು' ಬಂದುಬಿಟ್ಟಿತ್ತು. ಆದರೆ ಆ 'ನೀನು' ಅವಳ ಕಿವಿಗೆ ಬಿದ್ದಾಗಿತ್ತು. ಮನೆಗೆ ಹೋಗಿ ಮಲಗಿದರೂ ಅದು ಮಲಗಲು ಬಿಡಲಿಲ್ಲ. ಪ್ರಾಣ ಹೋಗುವಾಗ ಯಾರನ್ನಾದರೂ ಹಾಗೇ ಕರೆಯುತ್ತಾರೆ ಎಂದು ಒಂದು ಮನಸ್ಸು. ಟೈಲರ್ ಅಂಕಲ್ ಹೋದ ತಿಂಗಳು ಕುಸಿದಾಗ 'ಅಂಕಲ್, ಕಣ್ಣು ಬಿಡಿ' ಎಂದನಲ್ಲ, ದನಿ ಒಡೆದಿರಲಿಲ್ಲವಲ್ಲ ಎಂದು ಇನ್ನೊಂದು.

ಮುಂದಿನ ಸಲ ಅವನು ಸ್ಟೂಲಿನ ಮೇಲೆ ಕೂತು ಎರಡು ಬೆರಳಿಟ್ಟ. ಕಣ್ಣು ಮುಚ್ಚಲಿಲ್ಲ. ಸೂಜಿ ಹಿಡಿದ ಕೈ ನಡುಗುತ್ತಿತ್ತು. ಮೊದಲ ಸಲ ನಾಳ ತಪ್ಪಿತು. ಚರ್ಮದಡಿ ನೀಲಿಯಾಗಿ ಊದಿಕೊಂಡಿತು. ಎರಡನೇ ಸಲವೂ ತಪ್ಪಿತು. ಅವಳು ಹಲ್ಲುಕಚ್ಚಿ, "ಪರವಾಗಿಲ್ಲ, ಇನ್ನೊಂದು ಸಲ ನೋಡಿ" ಎಂದಳು.

ಅವನು ಎದ್ದು ನಿಂತ. "ಸಿಸ್ಟರ್, ಸ್ವಲ್ಪ ಇಲ್ಲಿ ಬನ್ನಿ" ಎಂದು ಇನ್ನೊಬ್ಬ ನರ್ಸನ್ನು ಕರೆದು ಹೊರಟುಹೋದ.

ಆಮೇಲೆ ಅವನು ಅವಳ ಕುರ್ಚಿಯ ಹತ್ತಿರ ಬರಲಿಲ್ಲ. ಆ ಡಯಾಲಿಸಿಸ್ ಹಾಲಿಗೇ ಬರಲಿಲ್ಲ.

"ಮೇಲಿನ ವಾರ್ಡಿಗೆ ಹೋದ್ರಂತೆ. ತಾವಾಗೇ ಕೇಳಿಕೊಂಡು ಹೋದ್ರಂತೆ" ಎಂದರು ಟೈಲರ್ ಅಂಕಲ್.

"ತಾವಾಗೇನಾ?"

"ಹೂಂನಮ್ಮ. ನನಗೂ ಹೇಳಲಿಲ್ಲ."

ಅವಳ ಬಾಯಿ ಕಹಿಯಾಯಿತು. ತಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು, ಛತ್ರಿ ತಂದದ್ದು, ಬಾಯಿಗೆ ಬಂದದ್ದೆಲ್ಲ ಹರಟಿದ್ದು ಒಂದೊಂದಾಗಿ ನೆನಪಾಯಿತು. ಪಾಪ, ಬೇಸತ್ತಿರಬೇಕು. ಮರ್ಯಾದಸ್ಥ, ಅದಕ್ಕೇ ಬಾಯಿಬಿಟ್ಟು ಹೇಳದೆ ಜಾಗ ಖಾಲಿ ಮಾಡಿದ್ದಾನೆ.

ಮನೆಯಲ್ಲಿ ಅಮ್ಮ ಬೇರೆ. "ಆ ಹುಡುಗ ಕಾಣಿಸ್ತಿಲ್ವಲ್ಲೇ. ಎಂಥ ಒಳ್ಳೆ ಮನುಷ್ಯ. ಒಂದು ಥ್ಯಾಂಕ್ಸಾದರೂ ನೆಟ್ಟಗೆ ಹೇಳಿದ್ಯಾ?"

"ಇಲ್ಲಮ್ಮ" ಎಂದಳು ಅವಳು. "ಹೇಳ್ತೀನಿ. ಮುಖಕ್ಕೆ ಹೊಡೆದ ಹಾಗೆ ಹೇಳಿ ಬರ್ತೀನಿ."

ಡಯಾಲಿಸಿಸ್ ಇಲ್ಲದ ದಿನ, ಪಾಠ ಮುಗಿಸಿ, ಅವಳು ಆಸ್ಪತ್ರೆಗೆ ಬಂದಳು. ಮೇಲಿನ ವಾರ್ಡಿಗೆ ಹತ್ತುವ ಮೆಟ್ಟಿಲ ಮೇಲೆಯೇ ಅವನು ಎದುರಾದ. ಒಗೆಯುವ ಬಟ್ಟೆಯ ದೊಡ್ಡ ಮೂಟೆಯೊಂದನ್ನು ಅಪ್ಪಿಕೊಂಡು ಇಳಿಯುತ್ತಿದ್ದ. ಅವಳನ್ನು ಕಂಡು ಮೂಟೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಥ್ಯಾಂಕ್ಸ್ ಹೇಳೋಕೆ ಬಂದೆ" ಎಂದಳು. ದನಿ ಜಗಳದ್ದಾಗಿತ್ತು. "ಕೈಗೆ ನೋವಾಗದ ಹಾಗೆ ಸೂಜಿ ಹಾಕಿದ್ದಕ್ಕೆ. ಕಾಲು ಒತ್ತಿದ್ದಕ್ಕೆ. ಕೆಲಸ ಉಳಿಸಿಕೊಟ್ಟಿದ್ದಕ್ಕೆ. ಪ್ರಾಣ ಉಳಿಸಿದ್ದಕ್ಕೆ. ಎಲ್ಲದಕ್ಕೂ ಸೇರಿಸಿ ಹೇಳ್ತಾ ಇದ್ದೀನಿ. ತಗೊಳ್ಳಿ. ಇದನ್ನಾದರೂ ತಗೋಬಹುದೋ ಇಲ್ವೋ?"

ಅವನು ಗೋಡೆಯ ಪಕ್ಕಕ್ಕೆ ಸರಿದು ನಿಂತ.

"ನನಗೆ ಹೆದರಿಕೆ ಇರೋದೇ ಇದಕ್ಕೆ" ಎಂದ.

"ಯಾವುದಕ್ಕೆ?"

"ಈ ಥ್ಯಾಂಕ್ಸ್‌ಗೆ. ನೀವು ಬೇಜಾರಾಗಬೇಡಿ. ಆ ಕುರ್ಚಿಯಲ್ಲಿ ಮಲಗಿರೋರಿಗೆ, ನೋವಾಗದ ಹಾಗೆ ಚುಚ್ಚೋನು ದೇವರ ಥರ ಕಾಣ್ತಾನೆ. ಅದು ನಂಗೊತ್ತು. ದಿನಾ ನೋಡ್ತೀನಿ. ಆದರೆ ಅದು ನಾನಲ್ಲ, ಈ ಯೂನಿಫಾರ್ಮು. ಮನೇಲಿ ನಾನು ಸಾಕ್ಸ್ ಎಲ್ಲಂದರಲ್ಲಿ ಬಿಸಾಡೋನು. ಬೆಳಗ್ಗೆ ಎದ್ದ ತಕ್ಷಣ ಯಾರಾದರೂ ಫೋನ್ ಮಾಡಿದ್ರೆ ಸಿಡಿಯೋನು. ನಿಮಗೆ ಅದೆಲ್ಲ ಗೊತ್ತಿಲ್ಲ."

"ನಾನು ಏನೂ ಹೇಳೇ ಇಲ್ವಲ್ಲ" ಎಂದಳು ಅವಳು, ಕೆನ್ನೆ ಬಿಸಿಯಾಗಿ.

"ನೀವು ಹೇಳಿಲ್ಲ. ನನ್ನ ಕೈ ಹೇಳ್ತು, ಅವತ್ತು." ಅವನು ಮೂಟೆಯ ಕಡೆ ನೋಡಿಕೊಂಡು ಮಾತಾಡುತ್ತಿದ್ದ. "ಇಷ್ಟು ವರ್ಷದಲ್ಲಿ ಎರಡು ಸಲ ತಪ್ಪಿಸಿದೋನಲ್ಲ ನಾನು. ಪಕ್ಕದ ಕುರ್ಚಿಯೋರಿಗೂ ನಿಮಗೂ ಒಂದೇ ಥರ ಬೆರಳಿಡೋಕೆ ನನ್ನಿಂದ ಆಗ್ತಿಲ್ಲ. ಹಾಗಾದ ಮೇಲೆ ನಾನು ಅಲ್ಲಿರಬಾರದು. ನಿಮಗೆ ನೋವಾಗುತ್ತೆ. ಅಷ್ಟೇ."

ಮೆಟ್ಟಿಲ ಮೇಲೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವಳಿಗೆ ಕುಣಿಯಬೇಕೆನ್ನಿಸಿತು. ಜೊತೆಗೇ ಅವನ ಭುಜ ಹಿಡಿದು ಕುಲುಕಬೇಕು ಎಂದೂ ಅನ್ನಿಸಿತು. ಎಷ್ಟು ರಾತ್ರಿ ನಿದ್ದೆ ಕೆಡಿಸಿದ್ದಾನೆ ಈ ಮನುಷ್ಯ!

"ಅಂದ್ರೆ, ನನ್ನದು ಬರೀ ಕೃತಜ್ಞತೆ ಅಂತ ನಿಮ್ಮ ಅನುಮಾನ."

"ಇರಬಹುದು ಅಂತ."

"ನಿಮ್ಮದು ಬರೀ ಕನಿಕರ ಅಂತ ನಾನೂ ಅನುಮಾನ ಪಡಬಹುದಲ್ವಾ?"

ಅವನು ಥಟ್ಟನೆ ತಲೆಯೆತ್ತಿದ.

"ಸರಿ ಹಾಗಾದ್ರೆ" ಎಂದಳು ಅವಳು. "ಯೂನಿಫಾರ್ಮ್ ಬಿಚ್ಚಿಟ್ಟು ನನ್ನ ಜಾಗಕ್ಕೆ ಬನ್ನಿ. ನಿಮಗೆ ಕಾರು ಓಡಿಸೋಕೆ ಬರಲ್ಲ ತಾನೇ? ಫೀಸ್ ಕಟ್ಟಿ, ಎಲ್ಲರ ಹಾಗೆ ಕಲೀರಿ. ಅಲ್ಲಿ ನಾನು ರೋಗಿ ಅಲ್ಲ, ನೀವು ದೇವರಲ್ಲ. ಆಮೇಲೆ ನೋಡೋಣ ಏನು ಉಳಿಯುತ್ತೆ ಅಂತ."

ಅವನು ಬಂದ. ರಜೆಯ ದಿನ, ಇಸ್ತ್ರಿಯಿಲ್ಲದ ಅಂಗಿ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ಬಂದ.

ಅಂಥ ವಿದ್ಯಾರ್ಥಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ನಿಧಾನಸ್ಥನಾದ ಮನುಷ್ಯ ಸ್ಟೇರಿಂಗ್ ಹಿಂದೆ ಕೂತರೆ ಬೆವರಿ ನೀರಾಗುತ್ತಿದ್ದ. ಕ್ಲಚ್ ಬಿಡು ಎಂದರೆ ಬ್ರೇಕ್ ತುಳಿಯುವನು. ಎಡಕ್ಕೆ ಎಂದರೆ ವೈಪರ್ ಹಾಕುವನು. ಎದುರಿಗೆ ಒಂದು ಸೈಕಲ್ ಬಂದರೂ ಕಣ್ಣು ಮುಚ್ಚಿಕೊಳ್ಳುವನು.

"ಕಣ್ಣು ಬಿಡ್ರೀ!" ಎಂದು ಅವಳು ಕಿರುಚುವಳು. "ಇದು ನನ್ನ ಕೈಯಲ್ಲ, ರಸ್ತೆ!"

"ನೀವು ಕೂಗೋದರಿಂದಲೇ ಹೀಗಾಗ್ತಿರೋದು!"

"ನೀವು ಓಡಿಸೋದರಿಂದ ನಾನು ಕೂಗ್ತಿರೋದು!"

ಅವನು ಹೇಳಿದ್ದು ನಿಜವೇ ಆಗಿತ್ತು. ಅವನು ಸಿಡುಕ. ತಪ್ಪು ಮಾಡಿದರೆ ಮೊದಲು ಕಾರನ್ನು ಬೈಯುವನು, ಆಮೇಲೆ ರಸ್ತೆಯನ್ನು, ಆಮೇಲೆ ಮುಂದಿನವನನ್ನು. ಎಲ್ಲ ಮುಗಿದ ಮೇಲೆ "ಸಾರಿ" ಎನ್ನುವನು, ಅದೂ ಕಿಟಕಿಯ ಕಡೆ ಮುಖ ಮಾಡಿ. ಅವಳೂ ಬಿಡುತ್ತಿರಲಿಲ್ಲ. ಡಯಾಲಿಸಿಸ್‌ನ ಮರುದಿನ ಮೈ ಹಿಂಡಿದಂತಿದ್ದಾಗ, ಬಾಯಾರಿಕೆಯಾದರೂ ಮನಸಾರೆ ನೀರು ಕುಡಿಯುವಂತಿಲ್ಲದ ಕಿರಿಕಿರಿಯನ್ನೆಲ್ಲ ಅವನ ಮೇಲೆ ಕಾರುತ್ತಿದ್ದಳು. ಒಂದು ದಿನ ಅವನು ಕಾರು ಪಕ್ಕಕ್ಕೆ ನಿಲ್ಲಿಸಿ ಇಳಿದು ಬಾಗಿಲು ದಬ್ಬನೆ ಹಾಕಿ ಬಸ್ಸಿನಲ್ಲಿ ಹೋಗಿಬಿಟ್ಟ. ಮುಂದಿನ ವಾರ ಬಂದು ಏನೂ ಆಗದವನಂತೆ ಸೀಟ್‌ಬೆಲ್ಟ್ ಹಾಕಿಕೊಂಡ.

ಬರುವನೋ ಇಲ್ಲವೋ ಎಂದು ಆ ವಾರವೆಲ್ಲ ಅವಳು ಪಟ್ಟ ತಳಮಳ ಅವಳಿಗೇ ಗೊತ್ತು.

ಆಮೇಲೆ ಒಂದು ಸಂಜೆ, ಆಫೀಸು ಬಿಡುವ ಹೊತ್ತಿಗೆ, ನಾಲ್ಕು ರಸ್ತೆ ಕೂಡುವ ಕಡೆ ನಟ್ಟನಡುವೆ ಕಾರು ಆಫ್ ಆಯಿತು. ಹಸಿರು ದೀಪ ಬಂತು. ಹಿಂದೆ ಹಾರ್ನುಗಳು ಶುರುವಾದವು. ಅವನು ಸ್ಟಾರ್ಟ್ ಮಾಡಿದ, ಕಾರು ಕಪ್ಪೆಯಂತೆ ಜಿಗಿದು ಮತ್ತೆ ನಿಂತಿತು. ಪಕ್ಕದ ವ್ಯಾನಿನವನು ಬಗ್ಗಿ ಏನೋ ಕೂಗಿದ.

"ನನ್ನ ಕೈಲಾಗಲ್ಲ" ಎಂದ ಅವನು. ಮುಖ ಬಿಳಚಿಕೊಂಡಿತ್ತು. "ನೀವೇ ಬನ್ನಿ ಈ ಕಡೆ. ನಾನು ಇಳೀತೀನಿ."

ಅವಳು ಬೈಯಲು ಬಾಯಿ ತೆರೆದಳು. ಅವನು ಸ್ಟೇರಿಂಗನ್ನು ಅವಚಿ ಹಿಡಿದುಕೊಂಡಿದ್ದುದನ್ನು ಕಂಡು ಮುಚ್ಚಿದಳು. ಹಾರ್ನು ಹೊಡೆಯುವವರು ಹೊಡೆಯಲಿ ಎಂದುಕೊಂಡು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಅವರು ಕೂಗ್ಲಿ. ಅವರಿಗೆ ಬೇರೆ ಕೆಲಸ ಇಲ್ಲ. ಒಂದು ಸಲ ಉಸಿರು ಬಿಡಿ. ಹಾಂ. ಈಗ ಹೇಳಿ, ಆಸ್ಪತ್ರೆಗೆ ಹೊಸದಾಗಿ ಬಂದವರು ಅತ್ತರೆ ಏನು ಮಾಡ್ತೀರಿ?"

"ಏನಾದರೂ ಮಾತಾಡಿಸ್ತೀನಿ."

"ಏನು ಮಾತಾಡಿಸ್ತೀರಿ? ಕ್ಲಚ್ ಮೆಲ್ಲಗೆ ಬಿಡ್ತಾ ಹೇಳಿ."

"ಅವರ ಕೆಲಸದ ಬಗ್ಗೆ. ಗೊತ್ತಿದ್ದರೂ ಗೊತ್ತಿಲ್ಲದೋರ ಹಾಗೆ ಏನಾದರೂ..." ಕಾರು ಮೆಲ್ಲಗೆ ಕದಲಿತು. "...ಏನಾದರೂ ದಡ್ಡ ಪ್ರಶ್ನೆ ಕೇಳ್ತೀನಿ."

"ಅಂದ್ರೆ ನಿಮಗೆ ಕ್ಲಚ್ಚು ಏನು ಅಂತ ಗೊತ್ತಿತ್ತಾ ಅವತ್ತು?"

"ಪುಸ್ತಕದಲ್ಲಿ ಓದಿದ್ದೆ."

"ಮೋಸಗಾರ!" ಎಂದಳು ಅವಳು. ಅಷ್ಟರಲ್ಲಿ ಅವರು ಆ ಕೂಡುರಸ್ತೆ ದಾಟಿ ಆಚೆಯ ಬೀದಿಗೆ ಬಂದಿದ್ದರು. ಅವನು ಮುಚ್ಚಿದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ. ಮೊದಲ ಸಲ ಜರ್ಕ್ ಇಲ್ಲದೆ ನಿಲ್ಲಿಸಿದ. ಇಬ್ಬರಿಗೂ ಏದುಸಿರು.

"ನಿಮ್ಮ ಮೇಲೆ ಇದ್ದ ಕೃತಜ್ಞತೆ ಎಲ್ಲ ಖರ್ಚಾಗಿ ಹೋಯ್ತು ಕಣ್ರೀ" ಎಂದಳು ಅವಳು ಮುಂದಿನ ಗಾಜನ್ನೇ ನೋಡುತ್ತ. "ಒಂದು ಚೂರೂ ಇಲ್ಲ. ನಿಮ್ಮಂಥ ಸಿಡುಕನ್ನ, ಮೊಂಡನ್ನ ನಾನು ನೋಡಿಲ್ಲ. ಅವತ್ತು ಬಾಗಿಲು ಹಾಗೆ ಹಾಕಿ ಹೋದ್ರಲ್ಲ, ಆಗ ನಿಮ್ಮ ಕತ್ತು ಹಿಸುಕಬೇಕು ಅನ್ನಿಸ್ತು. ಆದರೂ ಇವತ್ತು ಬೆಳಗ್ಗೆಯಿಂದ ಗೇಟಿನ ಕಡೆ ನೋಡಿ ನೋಡಿ ನನಗೆ ಕತ್ತು ನೋವು ಬಂದಿದೆ. ಇದಕ್ಕೆ ಏನಂತಾರೆ, ನೀವೇ ಹೇಳಿ."

ಅವನು ಎಂಜಿನ್ ಆಫ್ ಮಾಡಿದ. ಬೀದಿಯ ಸದ್ದು ಒಳಗೆ ಬಂತು.

"ಕನಿಕರನೂ ಹೋಯ್ತು" ಎಂದ. "ಎರಡನೇ ಪಾಠದಲ್ಲೇ ಹೋಯ್ತು. ಇಷ್ಟು ಬೈಯೋರ ಮೇಲೆ ಕನಿಕರ ಹ್ಯಾಗೆ ಉಳಿಯುತ್ತೆ?" ಕಣ್ಣಿನಲ್ಲಿ ಹುಟ್ಟಿದ ನಗುವನ್ನು ಅವನು ಈ ಸಲ ತಡೆಯಲಿಲ್ಲ; ತುಟಿಗೂ ಬಂತು. "ನೀನು ಅನ್ಲಾ?"

"ಅವತ್ತೇ ಅಂದಾಗಿದೆ."

"ಕೇಳಿಸಿತ್ತಾ?"

"ಅದಕ್ಕೇ ವಾಪಸು ಬಂದೆ."

ಅವನು ಅವಳ ಬಲಗೈಯನ್ನು ಎತ್ತಿಕೊಂಡು ಅಂಗೈಗೆ ತುಟಿಯೊತ್ತಿದ. ರಕ್ತ ಎಲ್ಲಿ ಹರಿಯುತ್ತದೆಂದು ಹುಡುಕುವ ಮುಟ್ಟುವಿಕೆ ಅದಾಗಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

ಒಪ್ಪದೆ ಹೋದವರು ಅಮ್ಮ. ಮಗಳಿಗಾಗಿ ಅಲ್ಲ, ಅವನಿಗಾಗಿ.

"ಒಳ್ಳೆಯವನು ಸಿಕ್ಕ ಅಂತ ಅವನ ತಲೆಗೇ ಕಟ್ಟೋದಾ?" ಎಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡುತ್ತ ಇಟ್ಟರು. "ಉಪಕಾರ ಮಾಡಿದವನಿಗೆ ಹೀಗಾ ನಾವು ಮಾಡೋದು? ಇವತ್ತು ಹೂಂ ಅಂತಾನೆ. ನಾಳೆ ಅವನ ಬದುಕೆಲ್ಲ ಆಸ್ಪತ್ರೆ. ಕೆಲಸಕ್ಕೆ ಹೋದರೂ ಆಸ್ಪತ್ರೆ, ಮನೆಗೆ ಬಂದರೂ ಆಸ್ಪತ್ರೆ."

ಇದೇ ಮಾತು ಎಷ್ಟೋ ದಿನದಿಂದ ಅವಳೊಳಗೂ ಕಾಲು ಚಡಪಡಿಸಿದಂತೆ ಚಡಪಡಿಸುತ್ತಿತ್ತು.

ಅವನೇ ಬಂದು ಅಮ್ಮನ ಎದುರು ಕೂತ.

"ಅಮ್ಮ, ನಿಮಗಿಂತ ನನಗೆ ಜಾಸ್ತಿ ಗೊತ್ತು. ಯಾವಾಗ ಏನಾಗಬಹುದು ಅಂತೆಲ್ಲ ಗೊತ್ತು. ಗೊತ್ತಿಲ್ಲದೆ ಬಂದಿದ್ರೆ ನೀವು ಹೆದರಬೇಕಿತ್ತು."

"ಗೊತ್ತಿದ್ದೂ ಯಾಕಪ್ಪ ಬರ್ತೀಯ?"

"ನಾನು ಆಸ್ಪತ್ರೆಯಿಂದ ಮನೆಗೆ ಹೋದರೆ ಮಾತಾಡೋಕೆ ಯಾರೂ ಇಲ್ಲ. ಇದ್ದಿದ್ರೂ ಮಾತಾಡ್ತಿರಲಿಲ್ವೋ ಏನೋ. ಎಲ್ಲರೂ ನನ್ನ ಒಳ್ಳೆಯವನು, ಒಳ್ಳೆಯವನು ಅಂತಾರೆ. ಇವಳೊಬ್ಬಳೇ ನನ್ನ ಜೊತೆ ಜಗಳ ಆಡೋದು. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ನನಗೇ ಗೊತ್ತಿರಲಿಲ್ಲ. ಉಪಕಾರ ಒಂದು ಕಡೆಯಿಂದ ಮಾತ್ರ ಆಗಿದೆ ಅಂತ ನೀವು ಅಂದ್ಕೊಂಡಿದ್ದೀರಿ. ಅದು ತಪ್ಪು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ತಟ್ಟೆ ತಂದಿಟ್ಟು, "ಊಟ ಮಾಡ್ಕೊಂಡು ಹೋಗು" ಎಂದರು. ಬಡಿಸುವಾಗ ಅವಳಿಗಿಂತ ಮೊದಲು ಅವನಿಗೆ ಬಡಿಸಿದರು. ಅವಳು ಅದನ್ನು ಕಂಡೂ ಕಾಣದಂತೆ ತಲೆ ತಗ್ಗಿಸಿದಳು.

ಮದುವೆ ಸಣ್ಣದಾಗಿ ಆಯಿತು, ಡಯಾಲಿಸಿಸ್ ಇಲ್ಲದ ಒಂದು ದಿನ. ಅವನಿಗೆ ಲೈಸೆನ್ಸ್ ಇನ್ನೂ ಸಿಕ್ಕಿಲ್ಲ. ಸರದಿಯಲ್ಲಿ ಅವಳ ಹೆಸರು ಇನ್ನೂ ಇದೆ. ಫೋನು ಹೊಡೆದುಕೊಂಡಾಗಲೆಲ್ಲ ಮೂವರೂ ಒಮ್ಮೆಲೇ ತಲೆಯೆತ್ತುತ್ತಾರೆ. ಕೆಲವು ದಿನ ಅವಳು ಚೆನ್ನಾಗಿರುತ್ತಾಳೆ, ಕೆಲವು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಆಗ ಅವನು ಅವಳ ಪಕ್ಕ ಕೂತು ಪೇಪರಿನಲ್ಲಿ ಬಂದ ಅಪಘಾತದ ಸುದ್ದಿಗಳನ್ನೆಲ್ಲ ಓದುತ್ತಾನೆ. ಯಾರ ತಪ್ಪು ಎಂದು ಅವಳು ಮಲಗಿದಲ್ಲಿಂದಲೇ ತೀರ್ಪು ಕೊಡುತ್ತಾಳೆ.

ಮದುವೆಯಾದ ವಾರವೇ ಅವಳು ಮತ್ತೆ ಆ ಹಾಲಿಗೆ ಹೋದಳು. ಸೂಜಿ ಹಾಕಿದ್ದು ಹೊಸದಾಗಿ ಸೇರಿದ ಹುಡುಗಿ, ಇಲ್ಲಿನ ಯಾರನ್ನೂ ಅರಿಯದವಳು. ಸ್ವಲ್ಪ ನೋವಾಯಿತು. ಮೆಷಿನ್ನು ತಿರುಗತೊಡಗಿದ ಮೇಲೆ ಆ ಹುಡುಗಿ ತರಬೇಕಾದ ಇಂಜೆಕ್ಷನ್ನಿನ ಚೀಟಿ ಹಿಡಿದು ಬಾಗಿಲು ತೆರೆದು, ಕಾರಿಡಾರಿನ ಬೆಂಚುಗಳ ಕಡೆ ಕೂಗಿದಳು.

"ಕಿಟಕಿ ಪಕ್ಕದ ಕುರ್ಚಿ ಪೇಷೆಂಟ್ ಕಡೆಯವರು ಯಾರು?"

ಒಳಗಿನಿಂದ ಅವಳು ಕತ್ತು ಚಾಚಿ ನೋಡಿದಳು. ಬೆಂಚಿನ ಮೇಲೆ, ಬೇರೆಯವರ ಅಣ್ಣತಮ್ಮಂದಿರು, ಅಪ್ಪಅಮ್ಮಂದಿರು, ಗಂಡಂದಿರ ನಡುವೆ, ಇಸ್ತ್ರಿಯಿಲ್ಲದ ಅಂಗಿಯಲ್ಲಿ ಅವನು ಇಕ್ಕಟ್ಟಾಗಿ ಕೂತಿದ್ದ. ಅಷ್ಟು ವರ್ಷ ಆ ಬಾಗಿಲಿನ ಈಚೆಯಿಂದ ಎಷ್ಟೋ ಜನರನ್ನು ಹಾಗೆ ಕೂಗಿ ಕರೆದಿದ್ದವನು ಈಗ ಕೂಗಿಗೆ ಬೆಚ್ಚಿಬಿದ್ದು, ಗಡಿಬಿಡಿಯಿಂದ ಎದ್ದು ನಿಂತ.

"ನಾನು" ಎಂದ. "ಅವಳ ಕಡೆಯವನು ನಾನು."